ಬಯೋಸ್ ಮೆನುವಿನಲ್ಲಿ ದಾರಿ ಹುಡುಕುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿನಿಂದ ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಹೊರಟವರಲ್ಲಿ ಬಹಳಷ್ಟು ಮಂದಿ ಮೊದಲು ಎಡವುವುದು ಬಯೋಸ್‌ನ, ಅಂದರೆ ವಿಂಡೋಸ್‌ಗಿಂತ ಮೊದಲೇ ಎದ್ದು ಯಂತ್ರವನ್ನು ಸಜ್ಜುಗೊಳಿಸುವ ತಂತ್ರಾಂಶದ, ಸೆಟಪ್ ಪರದೆಯಲ್ಲಿ. ಈ ಸಲ ಬಂದ ಪತ್ರಗಳಲ್ಲಿಯೂ ಅದೇ ವಿಷಯ ಹೆಚ್ಚಾಗಿದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಇಂದಿನ ಕಂಪ್ಯೂಟರುಗಳಲ್ಲಿರುವುದು ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಎಂಬ ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ತಂತ್ರಾಂಶ. ಆದರೆ ಅಂಗಡಿಯವರಿಂದ ಹಿಡಿದು ತಯಾರಕರ ಕೈಪಿಡಿಗಳವರೆಗೆ ಎಲ್ಲರ ಬಾಯಲ್ಲೂ ಅದು ಬಯೋಸ್ ಆಗಿಯೇ ಉಳಿದಿರುವುದರಿಂದ ಇಲ್ಲಿಯೂ ಹಾಗೆಯೇ ಬರೆದಿದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್2 ಒತ್ತಿದರೂ ಬಯೋಸ್ ತೆರೆಯುವುದಿಲ್ಲ, ನೇರವಾಗಿ ವಿಂಡೋಸ್ ಬಂದುಬಿಡುತ್ತದೆ. ಕೀಬೋರ್ಡ್ ಕೆಟ್ಟಿದೆಯೇ? — ಓದುಗರೊಬ್ಬರು, ಪುತ್ತೂರು

ಉತ್ತರ: ಕೀಬೋರ್ಡ್ ಸರಿಯಾಗಿಯೇ ಇರಬಹುದು. ಎಸ್‌ಎಸ್‌ಡಿ ಇರುವ ಕಂಪ್ಯೂಟರುಗಳಲ್ಲಿ ಎಫ್2, ಎಫ್8ರಂತಹ ಕೀಲಿ ಒತ್ತಲು ಸಿಗುವ ಅವಕಾಶ 200 ಮಿಲಿಸೆಕೆಂಡಿಗಿಂತಲೂ ಕಡಿಮೆ ಎಂದು ಮೈಕ್ರೋಸಾಫ್ಟ್ 2012ರಲ್ಲಿ, ವಿಂಡೋಸ್ 8 ಬಿಡುಗಡೆಗೆ ಮುನ್ನ, ತಾನೇ ಹೇಳಿಕೊಂಡಿತ್ತು. ಅಷ್ಟು ಹೊತ್ತಿನಲ್ಲಿ ಯಾರ ಬೆರಳೂ ಲೆಕ್ಕ ಹಾಕಿ ಒತ್ತಲಾರದು. ಆದ್ದರಿಂದ ಕಂಪನಿಯ ಲಾಂಛನ ಕಾಣುವವರೆಗೆ ಕಾಯದೆ, ಪವರ್ ಗುಂಡಿ ಒತ್ತಿದ ಕ್ಷಣದಿಂದಲೇ ಕೀಲಿಯನ್ನು ಮತ್ತೆ ಮತ್ತೆ ತಟ್ಟುತ್ತಿರಬೇಕು. ಒತ್ತಿ ಹಿಡಿದುಕೊಂಡರೆ ಕೆಲವು ಯಂತ್ರಗಳು ಕೀಲಿ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ದೋಷ ತೋರಿಸುತ್ತವೆ. ಎಫ್ ಸಾಲಿನ ಕೀಲಿಗಳಿಗೆ ಧ್ವನಿ, ಬೆಳಕು ಮುಂತಾದ ಕೆಲಸಗಳನ್ನು ಜೋಡಿಸಿರುವ ಲ್ಯಾಪ್‌ಟಾಪುಗಳಲ್ಲಿ ‘ಎಫ್‌ಎನ್’ ಕೀಲಿಯನ್ನು ಜೊತೆಗೆ ಒತ್ತಬೇಕಾಗಬಹುದು. ಬ್ಲೂಟೂತ್ ಕೀಬೋರ್ಡನ್ನು ಈ ಹಂತದಲ್ಲಿ ನಂಬಬೇಡಿ.

ಇನ್ನೊಂದು ವಿಷಯವನ್ನು ಅನೇಕರು ಗಮನಿಸುವುದಿಲ್ಲ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದಾಗ ‘ಶಟ್‌ಡೌನ್’ ಒತ್ತಿದರೆ ಯಂತ್ರ ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ‘ರೀಸ್ಟಾರ್ಟ್’ ಮಾತ್ರ ನಿಜವಾದ ಹೊಸ ಆರಂಭ. ಹಾಗಾಗಿ ಎಲ್ಲಕ್ಕಿಂತ ಸುಲಭವಾದ ದಾರಿ ವಿಂಡೋಸ್‌ನ ಒಳಗಿನಿಂದಲೇ ಇದೆ: ಶಿಫ್ಟ್ ಕೀಲಿ ಹಿಡಿದುಕೊಂಡು ‘ರೀಸ್ಟಾರ್ಟ್’ ಒತ್ತಿ, ಬರುವ ನೀಲಿ ಪರದೆಯಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅದರೊಳಗೆ ‘ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್’ ಆಯ್ದುಕೊಳ್ಳಿ. ಕಂಪ್ಯೂಟರ್ ತಾನಾಗಿಯೇ ಬಯೋಸ್ ಪುಟದಲ್ಲಿ ಬಂದು ನಿಲ್ಲುತ್ತದೆ. ಆ ಕೊನೆಯ ಆಯ್ಕೆಯೇ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮ್ಮ ವಿಂಡೋಸನ್ನು ಹಳೆಯ ‘ಲೆಗಸಿ’ ವಿಧಾನದಲ್ಲಿ ಸ್ಥಾಪಿಸಿರುವ ಸಾಧ್ಯತೆ ಹೆಚ್ಚು.

ಕೀಲಿಯ ವಿಷಯಕ್ಕೆ ಬಂದರೆ, ಡೆಲ್ ಯಂತ್ರಗಳಲ್ಲಿ ಎಫ್2. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್10. ಲೆನೋವೋ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಅದೇ ಕಂಪನಿಯ ಐಡಿಯಾಪ್ಯಾಡ್‌ನಲ್ಲಿ ಎಫ್2. ಬಿಡಿಭಾಗ ಜೋಡಿಸಿ ಮಾಡಿಸಿದ ಡೆಸ್ಕ್‌ಟಾಪುಗಳಲ್ಲಿ ಬಹುತೇಕ ಡಿಲೀಟ್. ಕೆಲವು ಐಡಿಯಾಪ್ಯಾಡ್‌ಗಳ ಪಕ್ಕದಲ್ಲಿ ಸೂಜಿಯಿಂದ ಒತ್ತಬೇಕಾದ ‘ನೋವೋ’ ಎಂಬ ಪುಟ್ಟ ಗುಂಡಿಯೇ ಇದೆ. ಒಂದು ಕೀಲಿಯ ವಿಷಯದಲ್ಲಿ ಒಮ್ಮತಕ್ಕೆ ಬರಲು ಈ ಉದ್ಯಮಕ್ಕೆ ನಾಲ್ಕು ದಶಕ ಸಾಕಾಗಲಿಲ್ಲ.

ಪ್ರಶ್ನೆ: ಮಗ ಆಂಡ್ರಾಯ್ಡ್ ಆ್ಯಪ್ ತಯಾರಿಸುವುದನ್ನು ಕಲಿಯುತ್ತಿದ್ದಾನೆ. ‘ವರ್ಚುಯಲೈಸೇಶನ್’ ಆನ್ ಮಾಡಬೇಕಂತೆ. ವಿಡಿಯೋದಲ್ಲಿ ತೋರಿಸುವ ಮೆನುವಿಗೂ ನಮ್ಮ ಕಂಪ್ಯೂಟರಿನ ಮೆನುವಿಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಎಲ್ಲರೂ ಒಂದೇ ರೀತಿ ಏಕೆ ಮಾಡುವುದಿಲ್ಲ? — ಪ್ರೌಢಶಾಲಾ ಶಿಕ್ಷಕಿ, ತಿಪಟೂರು

ಉತ್ತರ: ವರ್ಚುಯಲೈಸೇಶನ್ ಎಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸಲು ಪ್ರೊಸೆಸರ್ ಕೊಡುವ ನೆರವು. ಮೊದಲು ಕೆಲಸದ ಮಾತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಪರ್ಫಾರ್ಮೆನ್ಸ್’ ಪುಟದಲ್ಲಿ ‘ಸಿಪಿಯು’ ಆಯ್ದರೆ ಕೆಳಗೆ ‘ವರ್ಚುಯಲೈಸೇಶನ್’ ಎಂಬ ಸಾಲು ಇರುತ್ತದೆ. ಅಲ್ಲಿ ‘ಎನೇಬಲ್ಡ್’ ಎಂದಿದ್ದರೆ ಬಯೋಸ್‌ಗೆ ಹೋಗುವ ಅಗತ್ಯವೇ ಇಲ್ಲ. ‘ಡಿಸೇಬಲ್ಡ್’ ಎಂದಿದ್ದರೆ ಮಾತ್ರ ಮುಂದೆ ಓದಿ.

ಹುಡುಕಬೇಕಾದ ಹೆಸರು ಪ್ರೊಸೆಸರಿನ ಮೇಲೆ ನಿಂತಿದೆ. ಇಂಟೆಲ್ ಆದರೆ ‘ಇಂಟೆಲ್ ವರ್ಚುಯಲೈಸೇಶನ್ ಟೆಕ್ನಾಲಜಿ’, ‘ವಿಟಿ-ಎಕ್ಸ್’ ಅಥವಾ ‘ವಿಎಂಎಕ್ಸ್’. ಎಎಂಡಿ ಆದರೆ ‘ಎಸ್‌ವಿಎಂ ಮೋಡ್’. ‘ವಿಟಿ-ಡಿ’ ಎಂಬುದು ಬೇರೆ, ಮಗನ ಕೆಲಸಕ್ಕೆ ಅದು ಬೇಕಾಗಿಲ್ಲ. ಅಸುಸ್ ಬೋರ್ಡಿನಲ್ಲಿ ಇದು ‘ಅಡ್ವಾನ್ಸ್‌ಡ್’ ಪುಟದ ‘ಸಿಪಿಯು ಕಾನ್ಫಿಗರೇಶನ್’ ಒಳಗಿದೆ, ಅಂದರೆ ಯಾರಾದರೂ ಊಹಿಸಬಹುದಾದ ಜಾಗದಲ್ಲಿ. ಎಂಎಸ್‌ಐ ಬೋರ್ಡುಗಳಲ್ಲಿ ಓವರ್‌ಕ್ಲಾಕಿಂಗ್‌ಗೆಂದು, ಅಂದರೆ ಪ್ರೊಸೆಸರಿನ ವೇಗ ಹೆಚ್ಚಿಸುವುದಕ್ಕೆಂದು, ಮೀಸಲಾದ ‘ಒಸಿ’ ಪುಟದ ಕೆಳತುದಿಯ ಉಪಮೆನುವಿನಲ್ಲಿಯೂ, ಗಿಗಾಬೈಟ್ ಬೋರ್ಡುಗಳಲ್ಲಿ ‘ಟ್ವೀಕರ್’ ಪುಟದ ‘ಅಡ್ವಾನ್ಸ್‌ಡ್ ಸಿಪಿಯು ಸೆಟ್ಟಿಂಗ್ಸ್’ ಒಳಗೂ ಇದೆ. ಥಿಂಕ್‌ಪ್ಯಾಡ್‌ನಲ್ಲಿ ಅದನ್ನು ‘ಸೆಕ್ಯುರಿಟಿ’ ಪುಟದಲ್ಲಿ ಹುಡುಕಬೇಕು. ಪ್ರೊಸೆಸರಿನ ವೇಗ ಹೆಚ್ಚಿಸುವ ಆಟಕ್ಕೂ ಕಂಪ್ಯೂಟರಿನಲ್ಲೇ ಆಂಡ್ರಾಯ್ಡ್ ಫೋನನ್ನು ಅನುಕರಿಸುವ, ಕಲಿಯುವ ಹುಡುಗನ ಎಮ್ಯುಲೇಟರಿಗೂ ಏನು ಸಂಬಂಧವೆಂದು ನೀವು ಕೇಳಿದರೆ, ಯಾವ ಸಂಬಂಧವೂ ಇಲ್ಲ ಎಂದೇ ಹೇಳಬೇಕಾಗುತ್ತದೆ.

ಮೆನು ಹೀಗೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1981ರ ಐಬಿಎಂ ಪಿಸಿಯಲ್ಲಿ ಮೆನು ಎಂಬುದೇ ಇರಲಿಲ್ಲ. ಪೆಟ್ಟಿಗೆ ಬಿಚ್ಚಿ ಮದರ್‌ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಎಷ್ಟು ಮೆಮೊರಿ ಇದೆ, ಎಷ್ಟು ಫ್ಲಾಪಿ ಡ್ರೈವ್ ಇದೆ ಎಂದು ಯಂತ್ರಕ್ಕೆ ತಿಳಿಸಬೇಕಿತ್ತು. 1984ರ ಐಬಿಎಂ ಪಿಸಿ ಎಟಿಯಲ್ಲಿ ಈ ಮಾಹಿತಿ ಬ್ಯಾಟರಿಯ ಬಲದಿಂದ ಬದುಕುವ 64 ಬೈಟ್‌ಗಳ ಪುಟ್ಟ ಸ್ಮೃತಿಗೆ ಬಂತು. ಅದರಲ್ಲಿ 14 ಬೈಟ್ ಗಡಿಯಾರಕ್ಕೇ ಹೋಗುತ್ತಿತ್ತು. ಆಗಲೂ ಸೆಟಪ್ ಕಾರ್ಯಕ್ರಮ ಇದ್ದದ್ದು ಯಂತ್ರದೊಡನೆ ಬರುತ್ತಿದ್ದ ಫ್ಲಾಪಿಯಲ್ಲಿ. ಅದನ್ನು ಕರೆಂಟು ಹೋದರೂ ಅಳಿಯದ ಚಿಪ್ಪಿನೊಳಕ್ಕೆ ತಂದು, ಆರಂಭದಲ್ಲೇ ಒಂದು ಕೀಲಿಗೆ ತೆರೆದುಕೊಳ್ಳುವಂತೆ ಮಾಡುವುದನ್ನು ರೂಢಿಗೆ ತಂದವರು ಫೀನಿಕ್ಸ್, ಅವಾರ್ಡ್, ಎಎಂಐಗಳಂತಹ ಫರ್ಮ್‌ವೇರ್ ಕಂಪನಿಗಳು. ಅವರವರ ಮೆನು ಅವರವರದು. 80 ಅಕ್ಷರ ಅಗಲ, 25 ಸಾಲು ಎತ್ತರದ ಪರದೆಯಲ್ಲಿ ಹಿಡಿಸಿದಷ್ಟು.

ಇಂಟೆಲ್ ತನ್ನ ಇಟೇನಿಯಂ ಪ್ರೊಸೆಸರಿಗೆಂದು ಆರಂಭಿಸಿದ ಇಎಫ್‌ಐ ಕೆಲಸ 2005ರಲ್ಲಿ ಯುಇಎಫ್‌ಐ ಫೋರಂ ಎಂಬ ಒಕ್ಕೂಟದ ಕೈಗೆ ಬಂದ ಮೇಲೆ ಒಳಗಿನ ರಚನೆ ಬದಲಾಯಿತು. ಈಗ ಫರ್ಮ್‌ವೇರ್ ಎಂದರೆ ನೂರಾರು ಸಣ್ಣ ಡ್ರೈವರುಗಳ, ಅಂದರೆ ಒಂದೊಂದು ಕೆಲಸದ ಪುಟ್ಟ ಕಾರ್ಯಕ್ರಮಗಳ, ಕೂಟ, ಮತ್ತು ಪ್ರತಿಯೊಂದು ಡ್ರೈವರೂ ತನ್ನದೇ ಅರ್ಜಿ ನಮೂನೆಯನ್ನು, ಅಂದರೆ ಆಯ್ಕೆಗಳ ಪುಟವನ್ನು, ಮೆನುವಿಗೆ ಸೇರಿಸಬಹುದು. ಬೋರ್ಡ್ ತಯಾರಿಸಿದವರು ಬರೆದ ಪುಟ ಒಂದು, ಫರ್ಮ್‌ವೇರ್ ಕಂಪನಿಯಿಂದ ಬಂದ ಪುಟ ಇನ್ನೊಂದು, ಪ್ರೊಸೆಸರ್ ಕಂಪನಿ ಕೊಟ್ಟ ಪುಟ ಮತ್ತೊಂದು. ಒಂದೇ ಸಂತೆಯಲ್ಲಿ ಮೂವರು ವ್ಯಾಪಾರಿಗಳು ತಮ್ಮ ತಮ್ಮ ಗೋಣಿ ಹಾಸಿಕೊಂಡು ಕುಳಿತಂತೆ. ‘ಅಡ್ವಾನ್ಸ್‌ಡ್’ ಪುಟದಲ್ಲಿ ಕಾಣುವ ‘ರಾಮ್ ಡಿಸ್ಕ್ ಕಾನ್ಫಿಗರೇಶನ್’, ‘ಟಿಎಲ್‌ಎಸ್ ಆತ್ ಕಾನ್ಫಿಗರೇಶನ್’ ಎಂಬ, ಮನೆಬಳಕೆಯವರಿಗೆ ಎಂದೂ ಬೇಕಾಗದ ಸಾಲುಗಳು ಹೆಚ್ಚಿನ ಕಂಪನಿಗಳು ಆಧಾರವಾಗಿ ಬಳಸುವ ಮುಕ್ತ ಆಕರ ಸಂಕೇತದಿಂದ ಹಾಗೆಯೇ ಇಳಿದು ಬಂದವು. ಎಎಂಡಿ ಬೋರ್ಡುಗಳಲ್ಲಿ ‘ಎಎಂಡಿ ಸಿಬಿಎಸ್’, ‘ಎಎಂಡಿ ಓವರ್‌ಕ್ಲಾಕಿಂಗ್’ ಎಂಬ ಪ್ರತ್ಯೇಕ ಪುಟಗಳು ಎಎಂಡಿ ಕೊಟ್ಟವು. ‘ಪ್ರಿಸಿಶನ್ ಬೂಸ್ಟ್ ಓವರ್‌ಡ್ರೈವ್’ ಎಂಬ ಒಂದೇ ಆಯ್ಕೆ ಬೋರ್ಡಿನವರ ಪುಟದಲ್ಲಿಯೂ ಎಎಂಡಿ ಪುಟದಲ್ಲಿಯೂ ಕಾಣಿಸಿಕೊಂಡು, ಎರಡರಲ್ಲಿ ಯಾವುದು ನಡೆಯುತ್ತದೆ ಎಂಬ ಗೊಂದಲಕ್ಕೆ ಕಾರಣವಾಗುವುದು ಹೀಗೆ. ಮೆನುವನ್ನು ವಿಂಗಡಿಸಿರುವುದು ಬಳಸುವವರ ಕೆಲಸವನ್ನು ನೋಡಿ ಅಲ್ಲ, ಬರೆದವರು ಯಾರು ಎಂಬುದನ್ನು ನೋಡಿ. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಹುಡುಕಾಟ ಅರ್ಧ ಕಡಿಮೆಯಾಗುತ್ತದೆ: ಪ್ರೊಸೆಸರಿನ ಗುಣವೊಂದು ಬೇಕಾದರೆ ‘ಸಿಪಿಯು’ ಎಂಬ ಪದ ಎಲ್ಲಿದೆಯೋ ಅಲ್ಲಿಗೆ, ಆ ಪುಟ ಓವರ್‌ಕ್ಲಾಕಿಂಗ್‌ನದೇ ಆಗಿದ್ದರೂ, ಹೋಗಬೇಕು.

ತೆರೆದ ಕೂಡಲೇ ಬಣ್ಣದ ಗಡಿಯಾರ, ಫ್ಯಾನಿನ ಚಿತ್ರ ಮಾತ್ರ ಕಂಡರೆ ನೀವಿರುವುದು ‘ಈಜಿ ಮೋಡ್’ನಲ್ಲಿ, ಅಸುಸ್, ಎಂಎಸ್‌ಐಗಳಲ್ಲಿ ಎಫ್7, ಗಿಗಾಬೈಟ್‌ನಲ್ಲಿ ಎಫ್2 ಒತ್ತಿದರೆ ಪೂರ್ಣ ಮೆನು ಬರುತ್ತದೆ. ಈಚಿನ ಬೋರ್ಡುಗಳಲ್ಲಿ ಹುಡುಕುವ ಸೌಲಭ್ಯವೂ ಇದೆ: ಅಸುಸ್‌ನಲ್ಲಿ ಎಫ್9, ಎಂಎಸ್‌ಐನಲ್ಲಿ ಕಂಟ್ರೋಲ್ ಮತ್ತು ಎಫ್. ‘ಎಸ್‌ವಿಎಂ’ ಎಂದು ಟೈಪ್ ಮಾಡಿದರೆ ಸಾಕು, ಪುಟ ಯಾವುದೆಂದು ಯೋಚಿಸುವ ಕೆಲಸವೇ ಇಲ್ಲ. ನನ್ನ ದೃಷ್ಟಿಯಲ್ಲಿ ಮೌಸ್, ಬಣ್ಣ, ಚಿತ್ರಗಳೆಲ್ಲವನ್ನೂ ಸೇರಿಸಿದರೂ ಈ ಒಂದು ಹುಡುಕುಪೆಟ್ಟಿಗೆಯ ಉಪಕಾರಕ್ಕೆ ಸಮನಲ್ಲ. ಲ್ಯಾಪ್‌ಟಾಪ್ ತಯಾರಕರು ಇದನ್ನು ಇನ್ನೂ ಸಾಮಾನ್ಯವಾಗಿ ಕೊಡುತ್ತಿಲ್ಲವೆಂಬುದು ಬೇಸರದ ಸಂಗತಿ.

ಪ್ರಶ್ನೆ: ಮೆನುವಿನಲ್ಲಿ ಒಂದು ಆಯ್ಕೆ ಬದಲಿಸಲು ಎಫ್5 ಒತ್ತಿದೆ. ಎಲ್ಲವೂ ಮೊದಲಿನಂತಾಗಬೇಕೇ ಎಂದು ಯಂತ್ರ ಕೇಳಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಎಫ್5ಕ್ಕೆ ಬೇರೆ ಕೆಲಸವಿತ್ತಲ್ಲ? — ಪದವಿ ವಿದ್ಯಾರ್ಥಿ, ಹಾವೇರಿ

ಉತ್ತರ: ನಿಮ್ಮ ನೆನಪು ಸರಿಯಾಗಿದೆ. ಥಿಂಕ್‌ಪ್ಯಾಡ್‌ನ ಹಳೆಯ ಪಠ್ಯ ಮೆನುವಿನಲ್ಲಿ ಎಫ್5, ಎಫ್6 ಕೀಲಿಗಳು ಆಯ್ಕೆಯನ್ನು ಹಿಂದೆ ಮುಂದೆ ಮಾಡುತ್ತವೆ, ಎಲ್ಲವನ್ನೂ ಮೂಲಸ್ಥಿತಿಗೆ ತರುವುದು ಎಫ್9. ಅಸುಸ್‌ನಲ್ಲಿ ಮೂಲಸ್ಥಿತಿಗೆ ತರುವುದು ಎಫ್5, ಎಂಎಸ್‌ಐನಲ್ಲಿ ಎಫ್6, ಗಿಗಾಬೈಟ್‌ನಲ್ಲಿ ಎಫ್7. ಅದೇ ಎಫ್7 ಅಸುಸ್‌ನಲ್ಲಿ ಬರಿಯ ಪರದೆಯ ರೂಪ ಬದಲಿಸುತ್ತದೆ. ನಿರಪಾಯದ ಕೀಲಿಯನ್ನೂ ಎಲ್ಲವನ್ನೂ ಅಳಿಸುವ ಕೀಲಿಯನ್ನೂ ಹೀಗೆ ಅದಲುಬದಲು ಮಾಡಿಟ್ಟಿರುವುದು ಈ ಮೆನುಗಳ ಅತಿ ದೊಡ್ಡ ದೋಷವೆಂದು ನಾನು ಎಣಿಸುತ್ತೇನೆ. ಒಳ್ಳೆಯ ಸುದ್ದಿಯೆಂದರೆ ಬಾಣದ ಗುರುತಿನ ಕೀಲಿಗಳು, ಎಂಟರ್, ಎಸ್ಕೇಪ್ ಮತ್ತು ‘ಉಳಿಸಿ ಹೊರಡು’ ಎಂಬ ಎಫ್10, ಈ ನಾಲ್ಕರ ವಿಷಯದಲ್ಲಿ ಬಹುಪಾಲು ಕಂಪನಿಗಳು ಒಂದಾಗಿವೆ. ಇವಿಷ್ಟರಿಂದಲೇ ಎಲ್ಲ ಕೆಲಸ ನಡೆಯುತ್ತದೆ. ಬೇರಾವ ಕೀಲಿಯನ್ನು ಒತ್ತುವ ಮೊದಲೂ ಪರದೆಯ ಬಲತುದಿಯ ಅಥವಾ ಕೆಳಸಾಲಿನ ಸೂಚನೆಯನ್ನು ಓದಿಕೊಳ್ಳಿ. ಏನೋ ತಪ್ಪಾಗಿ ಬದಲಾಯಿತು ಎಂದು ಅನುಮಾನ ಬಂದರೆ ಎಸ್ಕೇಪ್ ಒತ್ತಿ, ಉಳಿಸದೆ ಹೊರಡುವ ಆಯ್ಕೆಯನ್ನು ಒಪ್ಪಿ. ಉಳಿಸುವವರೆಗೆ ನೀವು ಮಾಡಿದ ಬದಲಾವಣೆಗಳು ಸಾಮಾನ್ಯವಾಗಿ ಜಾರಿಗೆ ಬಂದಿರುವುದಿಲ್ಲ.

ಅಸುಸ್, ಎಂಎಸ್‌ಐ ಬೋರ್ಡುಗಳು ಎಫ್10 ಒತ್ತಿದಾಗ ಏನೇನು ಬದಲಾಗಿದೆ ಎಂಬ ಪಟ್ಟಿಯನ್ನು ಮುಂದಿಡುತ್ತವೆ. ಆ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಒಂದು ಸಾಲಿದ್ದರೂ ‘ಕ್ಯಾನ್ಸಲ್’ ಎನ್ನಿ.

ಪ್ರಶ್ನೆ: ವಿಂಡೋಸ್ 11ಕ್ಕಾಗಿ ‘ಸೆಕ್ಯೂರ್ ಬೂಟ್’ ಆನ್ ಮಾಡಹೊರಟರೆ ಆ ಸಾಲು ಮಸುಕಾಗಿದೆ, ಮುಟ್ಟಲು ಬರುವುದಿಲ್ಲ. ‘ಟಿಪಿಎಂ’ ಎಂಬ ಹೆಸರಂತೂ ಎಲ್ಲಿಯೂ ಇಲ್ಲ. ಹೊಸ ಕಂಪ್ಯೂಟರ್ ಕೊಳ್ಳಬೇಕೇ? — ಲೆಕ್ಕಪರಿಶೋಧಕರ ಕಚೇರಿಯ ಸಿಬ್ಬಂದಿ, ಹುಬ್ಬಳ್ಳಿ

ಉತ್ತರ: ಅವಸರದಲ್ಲಿ ಹೊಸದನ್ನು ಕೊಳ್ಳಬೇಡಿ. ಸೆಕ್ಯೂರ್ ಬೂಟ್ ಎಂದರೆ ನಂಬಬಹುದಾದ ಸಹಿ ಇರುವ ತಂತ್ರಾಂಶದಿಂದಲೇ ಯಂತ್ರ ಆರಂಭವಾಗುವಂತೆ ನೋಡಿಕೊಳ್ಳುವ ಕಾವಲು, ಟಿಪಿಎಂ ಎಂದರೆ ಭದ್ರತೆಯ ಗುಟ್ಟುಗಳನ್ನು ಕಾಯ್ದಿಡುವ ಘಟಕ. ಪ್ರೊಸೆಸರ್ ಯಾವುದೆಂದು ಮೊದಲು ನೋಡಿ: ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇಂಟೆಲ್‌ನ 8ನೇ ಪೀಳಿಗೆ ಮತ್ತು ಅನಂತರದವು, ಎಎಂಡಿಯ ರೈಜನ್ 2000 ಸಾಲು ಮತ್ತು ಅನಂತರದವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿವೆ. ಅಂತಹ ಯಂತ್ರವಾದರೆ ಟಿಪಿಎಂ 2.0 ಸಾಮಾನ್ಯವಾಗಿ ಒಳಗೆ ಇರುತ್ತದೆ, ಹೆಸರು ಮಾತ್ರ ಬೇರೆ. ಇಂಟೆಲ್‌ನಲ್ಲಿ ಅದು ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’. ಎಂಎಸ್‌ಐ ಬೋರ್ಡುಗಳಲ್ಲಿ ‘ಸೆಕ್ಯುರಿಟಿ ಡಿವೈಸ್ ಸಪೋರ್ಟ್’ ಎಂಬ ಯಾರಿಗೂ ಏನೂ ಹೊಳೆಯದ ಸಾಲಿನ ಹಿಂದೆ ಅಡಗಿರುತ್ತದೆ.

ಸಾಲು ಮಸುಕಾಗಿರುವುದು ಕೆಟ್ಟಿದೆ ಎಂಬುದರ ಗುರುತಲ್ಲ. ಬಯೋಸ್ ಪುಟಗಳನ್ನು ಬರೆಯುವ ಭಾಷೆಯಲ್ಲಿ ‘ಇಂತಹ ಷರತ್ತು ಇದ್ದರೆ ಈ ಸಾಲನ್ನು ಮಸುಕಾಗಿಸು’, ‘ಇಂತಹ ಷರತ್ತು ಇದ್ದರೆ ಮರೆಮಾಡು’ ಎಂಬ ಎರಡು ಆಜ್ಞೆಗಳಿವೆ. ಷರತ್ತು ಏನೆಂಬುದನ್ನು ಬಳಸುವವರಿಗೆ ಹೇಳಲೇಬೇಕೆಂಬ ನಿಯಮವಿಲ್ಲ, ಹೆಚ್ಚಿನವರು ಹೇಳುವುದೂ ಇಲ್ಲ. ಒಂದು ಸಾಲಿನ ವಿವರಣೆ ಸೇರಿಸಿದ್ದರೆ ಎಷ್ಟೋ ಜನರ ಸಂಜೆಗಳು ಉಳಿಯುತ್ತಿದ್ದವು. ಸೆಕ್ಯೂರ್ ಬೂಟ್ ವಿಷಯದಲ್ಲಿ ಷರತ್ತು ಬಹುತೇಕ ಮೂರರಲ್ಲಿ ಒಂದು. ‘ಸಿಎಸ್‌ಎಂ’ ಎಂಬ ಹಳೆಯ ಬಯೋಸಿನ ಅನುಕರಣೆ ಆನ್ ಇರುವುದು ಮೊದಲನೆಯದು. ಕೆಲವು ಲ್ಯಾಪ್‌ಟಾಪುಗಳಲ್ಲಿ, ಮುಖ್ಯವಾಗಿ ಏಸರ್‌ನ ಅನೇಕ ಮಾದರಿಗಳಲ್ಲಿ, ‘ಸೂಪರ್‌ವೈಸರ್ ಪಾಸ್‌ವರ್ಡ್’ ಇಟ್ಟ ಮೇಲೆಯೇ ಆ ಸಾಲು ತೆರೆಯುವುದು ಎರಡನೆಯದು. ಮೂರನೆಯದು, ನೀವು ನೋಡುತ್ತಿರುವ ಸಾಲು ಬದಲಿಸುವುದಕ್ಕಾಗಿ ಇರುವುದೇ ಅಲ್ಲ: ಅಸುಸ್‌ನ ಅನೇಕ ಬೋರ್ಡುಗಳಲ್ಲಿ ‘ಸೆಕ್ಯೂರ್ ಬೂಟ್ ಸ್ಟೇಟ್’ ಸದಾ ಮಸುಕಾಗಿಯೇ ಇದ್ದು ಸ್ಥಿತಿಯನ್ನಷ್ಟೇ ತೋರಿಸುತ್ತದೆ, ನಿಜವಾದ ಕೀಲಿಕೈ ಅದರ ಪಕ್ಕದ ‘ಓಎಸ್ ಟೈಪ್’ ಎಂಬ ಸಾಲು. ಅದನ್ನು ‘ಅದರ್ ಓಎಸ್’ನಿಂದ ‘ವಿಂಡೋಸ್ ಯುಇಎಫ್‌ಐ ಮೋಡ್’ಗೆ ಬದಲಿಸಬೇಕು.

ಆದರೆ ಸಿಎಸ್‌ಎಂ ಆಫ್ ಮಾಡುವ ಮುನ್ನ ದಯವಿಟ್ಟು ನಿಲ್ಲಿ. ವಿಂಡೋಸ್‌ನ ‘ಸಿಸ್ಟಂ ಇನ್ಫರ್ಮೇಶನ್’ ತೆರೆದು ‘ಬಯೋಸ್ ಮೋಡ್’ ಎಂಬ ಸಾಲನ್ನು ಓದಿ. ‘ಯುಇಎಫ್‌ಐ’ ಎಂದಿದ್ದರೆ ಚಿಂತೆಯಿಲ್ಲ. ‘ಲೆಗಸಿ’ ಎಂದಿದ್ದರೆ ನಿಮ್ಮ ಡಿಸ್ಕನ್ನು ಭಾಗ ಮಾಡಿರುವುದು ಹಳೆಯ ಎಂಬಿಆರ್ ವಿನ್ಯಾಸದಲ್ಲಿ, ಯುಇಎಫ್‌ಐಗೆ ಬೇಕಾದದ್ದು ಜಿಪಿಟಿ ಎಂಬ ಹೊಸ ವಿನ್ಯಾಸ. ಸಿಎಸ್‌ಎಂ ಆಫ್ ಮಾಡಿದ ಕೂಡಲೇ ವಿಂಡೋಸ್ ತೆರೆಯದೆ, ಡಿಸ್ಕೇ ಇಲ್ಲವೆಂಬಂತೆ ಯಂತ್ರ ಮತ್ತೆ ಬಯೋಸ್‌ಗೇ ಬರುತ್ತದೆ. ಕಡತಗಳು ಅಳಿದಿರುವುದಿಲ್ಲ, ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಕಚೇರಿಯ ಲೆಕ್ಕಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, 2017ರಿಂದ ವಿಂಡೋಸ್ 10ರೊಳಗೇ ಇರುವ ‘ಎಂಬಿಆರ್2ಜಿಪಿಟಿ’ ಎಂಬ ಸಾಧನದಿಂದ ಡಿಸ್ಕನ್ನು ಜಿಪಿಟಿ ವಿನ್ಯಾಸಕ್ಕೆ ಬದಲಿಸಿಕೊಂಡು, ಅನಂತರ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್ ಮಾಡುವುದು. ಡಿಸ್ಕಿಗೆ ‘ಬಿಟ್‌ಲಾಕರ್’ ಬೀಗವಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಟಿಪಿಎಂ, ಸೆಕ್ಯೂರ್ ಬೂಟ್‌ಗಳನ್ನು ಮುಟ್ಟಲೇಬೇಡಿ. ಮುಂದಿನ ಸಲ ಯಂತ್ರ ಆರಂಭವಾಗುವಾಗ 48 ಅಂಕಿಗಳ ಆ ಕೀಯನ್ನೇ ಕೇಳಬಹುದು.

ಇನ್ನು, ಮೈಕ್ರೋಸಾಫ್ಟ್ ಕೇಳುವುದು ಸೆಕ್ಯೂರ್ ಬೂಟ್ ಮಾಡಬಲ್ಲ ಯಂತ್ರವನ್ನು. ಅದು ಆನ್ ಇರಲೇಬೇಕೆಂದು ಸ್ಥಾಪನೆಯ ಷರತ್ತು ಹೇಳುವುದಿಲ್ಲ. ಆನ್ ಇದ್ದರೆ ಒಳ್ಳೆಯದು ಎಂಬುದು ಬೇರೆ ಮಾತು.

ಪ್ರಶ್ನೆ: ನಮ್ಮ ಗ್ರಂಥಾಲಯದ ಕಂಪ್ಯೂಟರ್ ಕರೆಂಟು ಹೋಗಿ ಬಂದಾಗ ತಾನಾಗಿ ಆನ್ ಆಗುವಂತೆ ಮಾಡಬಹುದೇ? — ಗ್ರಂಥಪಾಲಕರು, ಚಿಂತಾಮಣಿ

ಉತ್ತರ: ಮಾಡಬಹುದು. ಡೆಲ್‌ನಲ್ಲಿ ‘ಎಸಿ ರಿಕವರಿ’, ಎಚ್‌ಪಿ ಮತ್ತು ಲೆನೋವೋ ಡೆಸ್ಕ್‌ಟಾಪುಗಳಲ್ಲಿ ‘ಆಫ್ಟರ್ ಪವರ್ ಲಾಸ್’, ಗಿಗಾಬೈಟ್‌ನಲ್ಲಿ ‘ಎಸಿ ಬ್ಯಾಕ್’, ಅಸುಸ್‌ನಲ್ಲಿ ‘ಎಪಿಎಂ ಕಾನ್ಫಿಗರೇಶನ್’ ಒಳಗಿನ ‘ರಿಸ್ಟೋರ್ ಎಸಿ ಪವರ್ ಲಾಸ್’ ಎಂಬ ಸಾಲನ್ನು ಹುಡುಕಿ. ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ: ಆಫ್ ಆಗಿಯೇ ಇರು, ಆನ್ ಆಗು, ಹಿಂದಿನ ಸ್ಥಿತಿಗೆ ಮರಳು. ನಿಮಗೆ ಮೂರನೆಯದು ಹೊಂದುತ್ತದೆ; ಎರಡನೆಯದನ್ನು ಇಟ್ಟರೆ ರಜೆಯ ದಿನ ಕರೆಂಟು ಹೋಗಿ ಬಂದರೂ ಯಂತ್ರ ಎದ್ದು ಕುಳಿತುಬಿಡುತ್ತದೆ. ಕರೆಂಟು ಪದೇ ಪದೇ ಹೋಗಿ ಬರುವ ಊರಾದರೆ ಯುಪಿಎಸ್ ಇಲ್ಲದೆ ಇದನ್ನು ಆನ್ ಮಾಡದಿರುವುದೇ ಲೇಸು.

ಪ್ರಶ್ನೆ: ಡೆಸ್ಕ್‌ಟಾಪ್ ಪ್ರತಿ ಬೆಳಿಗ್ಗೆ ಎಫ್1 ಒತ್ತಲು ಹೇಳುತ್ತದೆ, ದಿನಾಂಕ ಹಳೆಯ ವರ್ಷಕ್ಕೆ ಹೋಗಿರುತ್ತದೆ, ಬ್ಯಾಂಕಿನ ಜಾಲತಾಣವೂ ತೆರೆಯುವುದಿಲ್ಲ. — ಓದುಗರೊಬ್ಬರು, ಸಿಂದಗಿ

ಉತ್ತರ: ಮದರ್‌ಬೋರ್ಡಿನ ಸೆಲ್ ಮುಗಿದಿದೆ. ಸಿಆರ್2032 ಎಂಬ 3 ವೋಲ್ಟಿನ ನಾಣ್ಯಾಕಾರದ ಸೆಲ್ ಕೈಗಡಿಯಾರದ ಅಂಗಡಿಯಲ್ಲಿಯೂ ಸಿಗುತ್ತದೆ. ದಿನಾಂಕ ತಪ್ಪಾಗಿದ್ದಾಗ ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಹೊಂದಿಕೆಯಾಗದೆ ಬ್ರೌಸರ್ ಬಾಗಿಲು ಹಾಕುತ್ತದೆ, ಬೇರೇನೂ ಅಲ್ಲ. ಸೆಲ್ ಬದಲಿಸುವ ಮೊದಲು ಬಯೋಸ್‌ನ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅಸುಸ್, ಎಂಎಸ್‌ಐ, ಗಿಗಾಬೈಟ್ ಬೋರ್ಡುಗಳಲ್ಲಿ ಎಫ್12 ಒತ್ತಿದರೆ ಪರದೆಯ ಚಿತ್ರ ಪೆನ್‌ಡ್ರೈವ್‌ನಲ್ಲಿ ಉಳಿಯುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32 ವಿನ್ಯಾಸದ್ದಾಗಿರಬೇಕು. ಡಿಸ್ಕ್ ನಿಯಂತ್ರಣದ ಪುಟದ ಚಿತ್ರ ತಪ್ಪದೆ ಇರಲಿ: ಡಿಸ್ಕನ್ನು ನಡೆಸುವ ವಿಧಾನ ‘ರೈಡ್’ ಅಥವಾ ‘ವಿಎಂಡಿ’ ಎಂದು ಇದ್ದದ್ದು ಮೂಲಸ್ಥಿತಿಗೆ ಹೋಗಿ ‘ಎಎಚ್‌ಸಿಐ’ ಆದರೆ ವಿಂಡೋಸ್ ಆರಂಭದಲ್ಲೇ ಮುಗ್ಗರಿಸುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ, ವಿಂಡೋಸ್‌ನಲ್ಲಿ ಕನ್ನಡ ಇದೆ. ಬಯೋಸ್‌ನಲ್ಲಿ ಚೀನೀ, ಜಪಾನೀ, ಕೊರಿಯನ್ ಎಲ್ಲ ಇದ್ದು ಕನ್ನಡ ಏಕಿಲ್ಲ? — ನಿವೃತ್ತ ಉಪನ್ಯಾಸಕರು, ಧಾರವಾಡ

ಉತ್ತರ: ಮಾರುಕಟ್ಟೆಯ ಕಾರಣ ಎಲ್ಲರಿಗೂ ತಿಳಿದದ್ದೇ. ಅದರ ಜೊತೆಗೆ ಒಂದು ತಾಂತ್ರಿಕ ತೊಡಕೂ ಇದೆ. ಯುಇಎಫ್‌ಐ ಪಠ್ಯವನ್ನು 16 ಬಿಟ್‌ಗಳ ಸಂಕೇತಗಳಲ್ಲಿ ಇಡುವುದರಿಂದ ಕನ್ನಡದ ಯೂನಿಕೋಡ್ ಸಂಕೇತಗಳನ್ನು ಅದರಲ್ಲಿ ತುಂಬಿಡಲು ಅಡ್ಡಿಯಿಲ್ಲ. ಅಡ್ಡಿ ಇರುವುದು ತೋರಿಸುವುದರಲ್ಲಿ. ಅದರ ಸರಳ ಅಕ್ಷರಕೋಶದಲ್ಲಿ ಪ್ರತಿ ಸಂಕೇತಕ್ಕೂ ಒಂದು ಚಿತ್ರ: ಕಿರಿದಾದರೆ 8 ಚುಕ್ಕೆ ಅಗಲ, 19 ಚುಕ್ಕೆ ಎತ್ತರ, ಅಗಲವಾದರೆ 16 ಚುಕ್ಕೆ ಅಗಲ, ಎತ್ತರ ಅಷ್ಟೇ. ಚೀನೀ ಅಕ್ಷರ ಎಷ್ಟೇ ಜಟಿಲವಾಗಿದ್ದರೂ ಒಂದು ಸಂಕೇತ, ಒಂದು ಚಿತ್ರ. ಅಗಲದ ಪೆಟ್ಟಿಗೆಯಲ್ಲಿ ಕೂರಿಸಿದರೆ ಮುಗಿಯಿತು. ಕನ್ನಡದಲ್ಲಿ ‘ಸ್ತ್ರೀ’ ಎಂದು ಬರೆಯಲು ಆರು ಸಂಕೇತಗಳು ಬೇಕು, ಮತ್ತು ಅವು ಒಂದರ ಪಕ್ಕ ಒಂದು ನಿಲ್ಲದೆ, ಒತ್ತಾಗಿ ಕೆಳಗಿಳಿದು, ಗುಣಿತವಾಗಿ ಬೆಸೆದು, ಒಂದೇ ಅಕ್ಷರವಾಗಬೇಕು. ಈ ಜೋಡಣೆಯನ್ನು ವಿಂಡೋಸ್, ಆಂಡ್ರಾಯ್ಡ್‌ಗಳಲ್ಲಿ ಪ್ರತ್ಯೇಕ ತಂತ್ರಾಂಶವೊಂದು ಮಾಡುತ್ತದೆ. ಬಯೋಸ್‌ನಲ್ಲಿ ಸಾಮಾನ್ಯವಾಗಿ ಅದನ್ನು ಇಡುವುದಿಲ್ಲ. ಹಾಗೆಯೇ ತೋರಿಸಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಿ, ಓದಲು ಇಂಗ್ಲಿಷಿಗಿಂತ ಕಷ್ಟವಾದೀತು.

ಜಾಗದ ಕೊರತೆಯೂ ಸುಳ್ಳಲ್ಲ. ಫರ್ಮ್‌ವೇರ್ ಇರುವ ಚಿಪ್ಪು ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟಿನದು. 2019ರಲ್ಲಿ ರೈಜನ್ 3000 ಪ್ರೊಸೆಸರುಗಳು ಬಂದಾಗ, 16 ಮೆಗಾಬೈಟಿನ ತನ್ನ ಹಳೆಯ ಬೋರ್ಡುಗಳಲ್ಲಿ ಅವಕ್ಕೆ ಜಾಗ ಮಾಡಿಕೊಡಲು ಎಂಎಸ್‌ಐ ಚಿತ್ರಮಯ ಮೆನುವನ್ನೇ ಕಿತ್ತು ಸರಳವಾದ ಪಠ್ಯ ಮೆನು ಹಾಕಬೇಕಾಯಿತು. ಆದರೂ ಇದು ದಾಟಲಾಗದ ಗೋಡೆಯೇನಲ್ಲ. ಮೆನುವಿನ ವಾಕ್ಯಗಳು ಮೊದಲೇ ಗೊತ್ತಿರುವಂಥವು. ಅವುಗಳನ್ನು ಮುಂಚಿತವಾಗಿ ಜೋಡಿಸಿ ಚಿತ್ರವಾಗಿ ಇಟ್ಟುಬಿಡಬಹುದು. ನನ್ನನ್ನು ಕೇಳಿದರೆ ಆಯ್ಕೆಗಳ ಹೆಸರುಗಳು ಇಂಗ್ಲಿಷಿನಲ್ಲೇ ಇರಲಿ, ಬಲಬದಿಯ ವಿವರಣೆಯ ಪೆಟ್ಟಿಗೆ ಕನ್ನಡಕ್ಕೆ ಬರಲಿ. ಕೈಪಿಡಿ, ವಿಡಿಯೋಗಳಲ್ಲಿನ ಹೆಸರಿನೊಡನೆ ತಾಳೆ ನೋಡಲು ಅದರಿಂದ ಅನುಕೂಲ. ಅದಕ್ಕೂ ಮುನ್ನ ಇಂಗ್ಲಿಷಿನಲ್ಲಾದರೂ ನಿಜವಾದ ವಿವರಣೆಯನ್ನು ಬರೆಯಬೇಕು. ‘ಎಸ್‌ವಿಎಂ ಮೋಡ್ ಅನ್ನು ಎನೇಬಲ್ ಅಥವಾ ಡಿಸೇಬಲ್ ಮಾಡುತ್ತದೆ’ ಎಂಬ ಧಾಟಿಯ ವಿವರಣೆಯನ್ನು ಯಾವ ಭಾಷೆಗೆ ತಂದರೂ ಓದುಗರಿಗೆ ದಕ್ಕುವುದೇನೂ ಇಲ್ಲ.

ಪ್ರಶ್ನೆ: ನನಗೆ ದೃಷ್ಟಿ ಇಲ್ಲ. ಸ್ಕ್ರೀನ್ ರೀಡರ್ ಸಹಾಯದಿಂದ ಕಂಪ್ಯೂಟರಿನ ಎಲ್ಲ ಕೆಲಸವನ್ನೂ ಮಾಡಿಕೊಳ್ಳುತ್ತೇನೆ, ಬಯೋಸ್ ಒಂದಕ್ಕೆ ಬೇರೆಯವರನ್ನು ಕರೆಯಬೇಕು. ದಾರಿ ಇದೆಯೇ? — ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಬಯೋಸ್ ಪರದೆಯಲ್ಲಿ ಓದಿ ಹೇಳುವ ವ್ಯವಸ್ಥೆಯನ್ನು ಸಾಮಾನ್ಯ ಕಂಪ್ಯೂಟರುಗಳಲ್ಲಿ ಕೊಟ್ಟಿಲ್ಲ. ಮೊಬೈಲಿನ ಕ್ಯಾಮೆರಾ ಹಿಡಿದು ಓದಿಸಿದರೆ ಪದಗಳು ಸಿಗುತ್ತವೆ. ಆದರೆ ಈಗ ಯಾವ ಸಾಲಿನ ಮೇಲೆ ನಿಂತಿದ್ದೇವೆ ಎಂಬುದನ್ನು ಮೆನು ಬಣ್ಣದಿಂದ ಮಾತ್ರ ಸೂಚಿಸುವುದರಿಂದ ಅದು ಓದಿನಲ್ಲಿ ಬರುವುದಿಲ್ಲ. ನೀವು ಕೇಳುತ್ತಿರುವ ಪ್ರಶ್ನೆಗೆ ಹೆಚ್ಚು ನಂಬಬಹುದಾದ ಉತ್ತರ, ಆ ಪರದೆಗೆ ಹೋಗದೆಯೇ ಕೆಲಸ ಮುಗಿಸುವುದು. ಕಚೇರಿಗಳಿಗೆ ಮಾರುವ ಮಾದರಿಗಳಿಗೆ ಡೆಲ್‌ನ ‘ಕಮಾಂಡ್ ಕಾನ್ಫಿಗರ್’, ಎಚ್‌ಪಿಯ ‘ಬಯೋಸ್ ಕಾನ್ಫಿಗರೇಶನ್ ಯುಟಿಲಿಟಿ’ ಎಂಬ ಉಚಿತ ತಂತ್ರಾಂಶಗಳಿವೆ. ಇವು ವಿಂಡೋಸ್‌ನೊಳಗಿಂದಲೇ ಬಯೋಸ್ ಆಯ್ಕೆಗಳನ್ನು ಪಠ್ಯವಾಗಿ ಓದಿ, ಬದಲಿಸಲು ಬಿಡುತ್ತವೆ. ಲೆನೋವೋದ ಥಿಂಕ್ ಸರಣಿಯಲ್ಲಿ ಅದೇ ಕೆಲಸವನ್ನು ಪವರ್‌ಶೆಲ್ ಆಜ್ಞೆಗಳಿಂದ ಮಾಡಬಹುದು. ಲಿನಕ್ಸ್ ಬಳಸುವವರಾದರೆ, ಫರ್ಮ್‌ವೇರ್ ನವೀಕರಣಕ್ಕೆಂದು ಇರುವ ‘ಎಫ್‌ಡಬ್ಲ್ಯುಯುಪಿಡಿ’ ತಂತ್ರಾಂಶ ಬೆಂಬಲವಿರುವ ಲ್ಯಾಪ್‌ಟಾಪುಗಳಲ್ಲಿ ಬಯೋಸ್ ಆಯ್ಕೆಗಳ ಪಟ್ಟಿಯನ್ನೂ ಕೊಡುತ್ತದೆ. ಇವೆಲ್ಲ ನಿಮ್ಮ ಸ್ಕ್ರೀನ್ ರೀಡರ್ ಓದಬಲ್ಲ ಪಠ್ಯಗಳು. ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವಾಗ ಮನೆಬಳಕೆಯ ಮಾದರಿಯ ಬದಲು ಕಚೇರಿ ಮಾದರಿಯನ್ನು ಆರಿಸಿಕೊಳ್ಳಲು ನಿಮಗೆ ಇದೊಂದೇ ಕಾರಣ ಸಾಕು.

ಸರ್ವರುಗಳಲ್ಲಿ ಬಹಳ ಹಿಂದಿನಿಂದಲೂ ‘ಕನ್ಸೋಲ್ ರೀಡೈರೆಕ್ಷನ್’ ಎಂಬ ಸೌಲಭ್ಯವಿದೆ. ಬಯೋಸ್‌ನ ಪಠ್ಯ ಮೆನುವನ್ನು ಸೀರಿಯಲ್ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳುಹಿಸುವ ಈ ವ್ಯವಸ್ಥೆ ದೂರದಲ್ಲಿ ಕುಳಿತ ನಿರ್ವಾಹಕರಿಗೆಂದು ಹುಟ್ಟಿದ್ದು. ಆ ಇನ್ನೊಂದು ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಇದ್ದರೆ ಮೆನು ಮಾತಾಡುತ್ತದೆ. ಸೀರಿಯಲ್ ಪೋರ್ಟ್ ಇರುವ ಕೆಲವು ಡೆಸ್ಕ್‌ಟಾಪ್ ಬೋರ್ಡುಗಳಲ್ಲಿಯೂ ಇದು ಉಂಟು, ಆದರೆ ಅದನ್ನು ಮೊದಲ ಸಲ ಆನ್ ಮಾಡಲು ಕಣ್ಣಿರುವವರೊಬ್ಬರ ನೆರವು ಬೇಕಾಗುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆ. ಬಯೋಸ್‌ಗೆ ಪಾಸ್‌ವರ್ಡ್ ಇದೆ, ಮಾರಿದವರಿಗೂ ಗೊತ್ತಿಲ್ಲವಂತೆ. ಸೆಲ್ ತೆಗೆದು ಹಾಕಿದರೆ ಹೋಗುವುದೇ? — ಓದುಗರೊಬ್ಬರು, ಗಂಗಾವತಿ

ಉತ್ತರ: ಹಳೆಯ ಡೆಸ್ಕ್‌ಟಾಪುಗಳಲ್ಲಿ ಹೋಗುತ್ತಿತ್ತು. ಕಚೇರಿ ದರ್ಜೆಯ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಬ್ಯಾಟರಿಯನ್ನು ನೆಚ್ಚದ ಚಿಪ್ಪಿನಲ್ಲಿ ಇರುವುದರಿಂದ ಸೆಲ್ ತೆಗೆದರೆ ಗಡಿಯಾರ ಮಾತ್ರ ಅಳಿಯುತ್ತದೆ. ಖರೀದಿಯ ರಸೀದಿ ಇದ್ದರೆ ತಯಾರಕರ ಸೇವಾಕೇಂದ್ರವನ್ನು ಕೇಳಿ ನೋಡಿ. ಕೆಲವು ಕಂಪನಿಗಳು ಮದರ್‌ಬೋರ್ಡ್ ಬದಲಿಸುವುದೊಂದೇ ಉಪಾಯವೆನ್ನುತ್ತವೆ. ಹಾಗಾದರೆ ಮಾರಿದವರಿಗೆ ಯಂತ್ರ ಹಿಂದಿರುಗಿಸಿ ಹಣ ಕೇಳುವುದೇ ಅಗ್ಗ. ವಿಂಡೋಸ್ ಸರಿಯಾಗಿ ತೆರೆಯುತ್ತಿದ್ದು, ಬಯೋಸ್‌ನಲ್ಲಿ ಬದಲಿಸಬೇಕಾದದ್ದು ಏನೂ ಇಲ್ಲದಿದ್ದರೆ ಸದ್ಯಕ್ಕೆ ಹಾಗೆಯೇ ಬಳಸಬಹುದು, ಆದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಅವಕಾಶವಿದೆಯೇ ಎಂದು ಈಗಲೇ ಪರೀಕ್ಷಿಸಿಕೊಳ್ಳಿ.